ಕ್ರಿಯಾಪದಕ್ಕೊಂದು ನಾಮಪದ

ಬಂದರಿನ ಶಾಲೆಯಲ್ಲಿ ಮೀನು ಮಾರುವ ಹೆಂಗಸರಿಗೆ ವಿನುತಾ ಸಂಜೆ ಇಂಗ್ಲಿಷ್ ಕಲಿಸುತ್ತಿದ್ದಳು. ಊರಿಗೆ ಅವಳು ಹೊಸಬಳು. ಅಂದು ಹಲಗೆಯ ಮೇಲೆ ‘ಲಾಸ್ಟ್’ ಎಂದು ಬರೆದು, “ಕ್ರಿಯಾಪದ ಇದು. ಕಳ್ಕೊಂಡೆ ಅಂತ ಅರ್ಥ. ಇದಕ್ಕೊಂದು ನಾಮಪದ ಜೋಡಿಸಿ ನೋಡೋಣ” ಎಂದಳು.

“ಐ ಲಾಸ್ಟ್ ಮೈ ಚಪ್ಪಲ್” ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಹಿಂದೆ ಕೂತಿದ್ದ ಜಲಜಕ್ಕ ಎದ್ದು ನಿಂತು, ಪಾಠ ಒಪ್ಪಿಸುವವಳಂತೆ ಹೇಳಿದಳು: “ಐ ಲಾಸ್ಟ್ ಮೈ ಸನ್.”

ನಗು ನಿಂತಿತು. ಯಾಕೆಂದು ವಿನುತಾಳಿಗೆ ಹೊಳೆಯಲಿಲ್ಲ.

“ವಾಕ್ಯ ಸರಿಯಾಗಿದೆ. ಆದ್ರೆ ಇದಕ್ಕೆ ಎರಡರ್ಥ ಬರುತ್ತೆ. ಮಗ ಕಾಣೆಯಾಗಿದ್ದಾನೆ ಅಂತಲೂ ಆಗುತ್ತೆ, ತೀರಿಕೊಂಡ ಅಂತಲೂ ಆಗುತ್ತೆ. ನೀವು ಹೇಳಿದ್ದು ಯಾವುದು?”

ಜಲಜಕ್ಕ ಹಲಗೆಯನ್ನೇ ನೋಡುತ್ತಿದ್ದಳು.

“ಅವ ಹೋದ ಬೋಟು ಇನ್ನೂ ಸಿಕ್ಕಲಿಲ್ಲ ಟೀಚರೇ. ಸಿಕ್ಕಿದ ಮೇಲೆ ಹೇಳ್ತೇನೆ.”