ಒಂದೇ ಅಳತೆ

ಅವರಿಬ್ಬರೂ ಅವಳಿ. ಅಮ್ಮನ ಹೊಟ್ಟೆಯಲ್ಲಿ ಒಂದೇ ಜೀವಕೋಶ ಬೆಳೆದು ಇಬ್ಭಾಗವಾಗಿ ಹುಟ್ಟಿದವರು. ರವಿಕೆಯ ಅಳತೆಗೆ ಯಾರು ಹೋಗಿ ನಿಂತರೂ ಟೈಲರ್‌ಗೆ ಸಾಕಾಗುತ್ತಿತ್ತು. ಅಮ್ಮ ಎದೆಯ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು.

"ಅಮ್ಮನ ಜೀನ್‌ಗಳಲ್ಲಿ ಅರ್ಧ ಮಾತ್ರ ಮಕ್ಕಳಿಗೆ ಬರೋದು. ಆ ಅರ್ಧದಲ್ಲಿ ಕ್ಯಾನ್ಸರ್ ತರೋ ಈ ದೋಷ ಬಂದಿರಬಹುದು, ಬರದೆಯೂ ಇರಬಹುದು," ಎಂದಿದ್ದರು ಡಾಕ್ಟರು. "ಆದ್ರೆ ನಿಮ್ಮಲ್ಲಿ ಒಬ್ಬರಿಗೆ ಇದ್ರೆ ಇನ್ನೊಬ್ಬರಿಗೂ ಇದ್ದೇ ಇರುತ್ತೆ."

ತಂಗಿಗೆ ಮದುವೆ ಗೊತ್ತಾಗಿತ್ತು. ಅವಳು ಪರೀಕ್ಷೆಗೆ ರಕ್ತ ಕೊಡಲು ಸುತರಾಂ ಒಪ್ಪಲಿಲ್ಲ.

"ನೀನು ಬೇಕಾದ್ರೆ ಟೆಸ್ಟ್ ಮಾಡಿಸ್ಕೊ. ಇದೆ ಅಂತಾದ್ರೆ ಮಾತ್ರ ನನಗೆ ಹೇಳ್ಬೇಡ ಕಣೆ."

ರಿಪೋರ್ಟ್ ಬರುವ ದಿನ ತಂಗಿ ಕನ್ನಡಿಯ ಮುಂದೆ ಮದುವೆಯ ರವಿಕೆ ತೊಟ್ಟು ನೋಡುತ್ತಿದ್ದಳು. ಆಸ್ಪತ್ರೆಯಿಂದ ಬಂದ ಅಕ್ಕ ಚಪ್ಪಲಿ ಬಿಟ್ಟು ನೇರ ಕೋಣೆಗೇ ಬಂದಳು.

"ಏನೂ ಇಲ್ವಂತೆ," ಎಂದು ನಕ್ಕಳು.

ತಂಗಿಗೆ ಹೋದ ಜೀವ ಬಂದಂತಾಯಿತು. ಹುಕ್ಕು ಹಾಕೆಂದು ಬೆನ್ನು ತಿರುಗಿಸಿ ನಿಂತಳು. ಅಕ್ಕ ಒಂದೊಂದೇ ಹುಕ್ಕು ಹಾಕಿ, ಭುಜದ ಮೇಲಿನ ಸುಕ್ಕು ಸವರಿದಳು.

"ಚೆನ್ನಾಗಿ ಕೂತಿದೆ ಕಣೆ."

ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು.

"ಮದುವೆಯಾದ್ಮೇಲೆ ಮಗು ತಡಮಾಡ್ಬೇಡ. ಹಾಲು ಕುಡಿಸೋದೆಲ್ಲ ಬೇಗ ಮುಗಿಸ್ಕೊಂಡ್ಬಿಡು."