ನಲವತ್ತೆರಡನೇ ಸಹಿ

ಡ್ರೈವರಣ್ಣ ಅಂಗಡಿಯ ಬಾಗಿಲಲ್ಲಿ ಛತ್ರಿ ಮಡಚುವಾಗಲೇ ಟೈಲರಮ್ಮನಿಗೆ ಅವನು ಬಂದ ಕಾರಣ ಗೊತ್ತಾಯಿತು. ಅವಳು ಕತ್ತರಿ ಕೆಳಗಿಡಲಿಲ್ಲ.

“ನಲವತ್ತೊಂದು ಸಹಿ ಆಯ್ತು. ನಿಮ್ದೊಂದೇ ಬಾಕಿ. ಐದು ಗಂಟೆಗೆ ವಕೀಲರ ಆಫೀಸು ಮುಚ್ಚುತ್ತೆ,” ಎಂದ.

“ಮುಚ್ಚಲಿ ಬಿಡಿ. ನಾನು ಕೇಸು ಹಾಕಿದ್ದು ಮನೆಗೆ, ದುಡ್ಡಿಗಲ್ಲ.”

ಹನ್ನೆರಡು ಮಹಡಿ ಎದ್ದು ನಿಲ್ಲುತ್ತದೆಂದು ಬಣ್ಣದ ಚಿತ್ರ ತೋರಿಸಿದ್ದ ಬಿಲ್ಡರು ಎರಡು ಮಹಡಿಗೇ ಕೈ ಎತ್ತಿ, ಯೋಜನೆ ರದ್ದಾಗಿದೆ ಎಂದು ಮೂರು ಸಾಲಿನ ಪತ್ರ ಕಳಿಸಿದ್ದ. ಆರು ವರ್ಷ ಕೋರ್ಟು ಅಲೆದಾಯಿತು. ಈಗ ಅವರು ಮನೆಗೆಂದು ಕಟ್ಟಿದ್ದ ಹಣವನ್ನು ವಾಪಸು ಕೊಡುತ್ತಾನಂತೆ. ಆದರೆ ಕೇಸು ಹಾಕಿದ ನಲವತ್ತೆರಡು ಜನರೂ ರಾಜಿಗೆ ಒಪ್ಪಬೇಕು. ಒಬ್ಬರು ತಪ್ಪಿದರೂ ಮತ್ತೆ ಕೋರ್ಟೇ ಗತಿ.

ಟೈಲರಮ್ಮನದು ಏಳನೇ ಮಹಡಿ. ಡ್ರೈವರಣ್ಣನದು ಸರಿಯಾಗಿ ಅವಳ ನೆತ್ತಿಯ ಮೇಲಿನದು. ಹಾಗಾಗಿ ಹೋರಾಟ ಸಮಿತಿಯ ಸಭೆಗಳಲ್ಲಿ ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ಮೂವತ್ತು ವರ್ಷ ಬೆಳಗಿನ ಮೊದಲ ಬಸ್ಸು ಓಡಿಸಿದ ಅವನಿಗೆ ನಾಲ್ಕಕ್ಕೇ ಎದ್ದು ಮನೆಯೆಲ್ಲ ತಿರುಗುವ ಅಭ್ಯಾಸ. “ನನ್ನ ತಲೆ ಮೇಲೆ ಧಡಧಡ ಅಂತ ನಡೆಯೋ ಹಾಗಿಲ್ಲ,” ಎಂದು ಅವಳು. “ನಿಮ್ಮ ಮಿಷನ್ನು ಗಡಗಡ ಅಂದ್ರೆ ನಮ್ಮ ನೆಲ ನಡುಗೋದಿಲ್ವಾ?” ಎಂದು ಅವನು. ಒಮ್ಮೆ ಇದೇ ವಿಷಯಕ್ಕೆ ಮುಕ್ಕಾಲು ಗಂಟೆ ಜಗಳವಾಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ವಕೀಲರು ಹಣೆ ಚಚ್ಚಿಕೊಂಡು, ಮೊದಲು ಗೋಡೆ ಏಳಲಿ, ಆಮೇಲೆ ಸದ್ದಿನ ವಿಚಾರ ನೋಡೋಣ ಎಂದಿದ್ದರು.

ಇವತ್ತು ಡ್ರೈವರಣ್ಣನಿಗೆ ಜಗಳದ ಹುರುಪಿರಲಿಲ್ಲ. ಫಾರ್ಮನ್ನು ಮೇಜಿನ ಮೇಲಿಟ್ಟು, ಬಟ್ಟೆ ತುಂಡುಗಳನ್ನು ಸರಿಸಿ ಸ್ಟೂಲಿನ ಮೇಲೆ ಕೂತ.

“ಅತ್ತಿಗೆಯ ಮಂಡಿನೋವು ಹೇಗಿದೆ?” ಅವಳೇ ಕೇಳಿದಳು.

“ಹಾಗೇ ಇದೆ. ನಾವಿರೋದು ಮೂರನೇ ಮಹಡಿ, ಲಿಫ್ಟಿಲ್ಲ. ಅವಳು ಕೆಳಗಿಳಿದು ಎಂಟು ತಿಂಗಳಾಯ್ತು. ದಿನವಿಡೀ ಕಿಟಕೀಲೇ ಕೂತಿರ್ತಾಳೆ. ಎದುರಿಗೆ ಮರದ ಕೆಳಗೊಂದು ಬೆಂಚು ಹಾಕಿದಾರೆ. ಅಲ್ಲಿ ಕೂತ್ರೆ ನಮ್ಮ ಕಿಟಕಿ ಕಾಣುತ್ತಾ ಅಂತ ನಿನ್ನೆ ಕೇಳಿದ್ಲು.” ಅವನು ಮೇಜಿನ ಮೇಲಿನ ಫಾರ್ಮನ್ನು ನೇರ ಮಾಡಿದ. “ದುಡ್ಡು ಬಂದ್ರೆ ಕೆಳಗಡೆ ಎಲ್ಲಾದ್ರೂ ಒಂದು ಬಾಡಿಗೆಮನೆ ಹಿಡೀಬಹುದು. ಅಷ್ಟೇ. ನಿಮಗೆ ಬಲವಂತ ಇಲ್ಲ.”

ಬಲವಂತ ಮಾಡಿದ್ದರೆ ಟೈಲರಮ್ಮ ಸುಲಭವಾಗಿ ಆಗುವುದಿಲ್ಲ ಎನ್ನುತ್ತಿದ್ದಳು. ಈಗ ಮೇಜಿನ ಖಾನೆಯಿಂದ ಮನೆಯ ನಕ್ಷೆ ತೆಗೆದು ಹರಡಿದಳು. ಮಡಿಕೆ ಬಿದ್ದಲ್ಲೆಲ್ಲ ಹರಿದು, ಹಿಂದಿನಿಂದ ಅಸ್ತರು ಬಟ್ಟೆ ಅಂಟಿಸಿಕೊಂಡಿದ್ದ ನಕ್ಷೆ ಅದು. ಕಿಟಕಿಯ ಪಕ್ಕ ಮಿಷನ್ನಿಗೆಂದು ಪ್ಲಗ್ಗು ಹಾಕಿಸಲು ಅವಳು ಇಂಜಿನಿಯರನ ಬೆನ್ನು ಬಿದ್ದು ಕೆಂಪು ಶಾಯಿಯಲ್ಲಿ ಗುರುತು ಮಾಡಿಸಿದ್ದಳು. ಹನ್ನೊಂದು ಬಾಡಿಗೆಮನೆ ಬದಲಿಸಿದವಳು. ಎಲ್ಲಿಯೂ ಗೋಡೆಗೆ ಒಂದು ಮೊಳೆ ಹೊಡೆಯುವಂತಿರಲಿಲ್ಲ.

“ಈ ಚಿಕ್ಕ ರೂಮು ಅಕ್ಕಂದು,” ಎಂದಳು. “ಮಗನ ಮನೆ ಹಜಾರದಲ್ಲಿ ಮಲಗ್ತಾಳೆ ಪಾಪ. ಎಲ್ಲರೂ ಟೀವಿ ನೋಡಿ ಎದ್ದ ಮೇಲೆ ಅವಳಿಗೆ ಹಾಸಿಗೆ. ಪ್ರತಿ ಭಾನುವಾರ ಫೋನು ಮಾಡಿ ಎಷ್ಟನೇ ಮಹಡಿ ಆಯ್ತೇ ಅಂತಾಳೆ. ಮೊನ್ನೆ ಐದು ಅಂದೆ.”

“ಎರಡರ ಮೇಲೆ ಏಳಲೇ ಇಲ್ವಲ್ಲ?”

“ಒಂದೊಂದೇ ಏರಿಸ್ತಾ ಬಂದೆ ಅಣ್ಣ. ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ.” ಅವಳ ಕಣ್ಣು ತುಂಬಿತು. “ಬಿಲ್ಡರು ಕೊಡೋ ದುಡ್ಡಿಗೆ ಇವತ್ತು ಒಂದು ಬಚ್ಚಲುಮನೆ ಬಂದ್ರೆ ಹೆಚ್ಚು. ಈ ವಯಸ್ಸಿಗೆ ಸಾಲ ಯಾರು ಕೊಡ್ತಾರೆ? ಸಹಿ ಹಾಕಿದ್ರೆ ಈ ಜನ್ಮಕ್ಕೆ ಮನೆ ಇಲ್ಲ.”

ಡ್ರೈವರಣ್ಣ ಇಲ್ಲ, ಆಗುತ್ತದೆ, ನೋಡೋಣ ಎಂದೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ನಕ್ಷೆಯ ಮೇಲೆ ಬಾಗಿ, ಚಿಕ್ಕ ರೂಮಿಗೆ ಬೆಳಿಗ್ಗೆ ಬಿಸಿಲು ಬರುತ್ತಿತ್ತು, ನಮ್ಮದಕ್ಕೂ ಅಷ್ಟೇ ಎಂದ. ಇಬ್ಬರೂ ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡುತ್ತ ಕೂತರು. ಅಷ್ಟು ಆಸೆಯಿಂದ ಅವರು ನಿಜವಾದ ಯಾವ ಮನೆಯನ್ನೂ ನೋಡಿರಲಿಲ್ಲ.

ಗೋಡೆ ಗಡಿಯಾರದಲ್ಲಿ ನಾಲ್ಕೂಕಾಲು. ಬೆಂಚಿನ ಮೇಲೆ ಕೂತರೆ ಕಿಟಕಿ ಕಾಣುತ್ತದೆಯೇ ಎಂದು ಕೇಳಿದ ಹೆಂಗಸಿನ ಮುಖ ಟೈಲರಮ್ಮನಿಗೆ ಕಣ್ಣಿಗೆ ಕಟ್ಟಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ನಕ್ಷೆ ಮಡಚಿ ಬದಿಗಿಟ್ಟು ಫಾರ್ಮನ್ನು ಎಳೆದುಕೊಂಡಳು. ಮೊದಲು ಸಹಿ ಹಾಕಿದಳು, ಮನಸ್ಸು ಬದಲಾಗದಿರಲೆಂದು. ಆಮೇಲೆ ಉಳಿದದ್ದನ್ನು ಒಂದೊಂದಾಗಿ ತುಂಬಿ, ಕಾಗದವನ್ನು ಅವನ ಕಡೆ ತಿರುಗಿಸಿದಳು.

ಡ್ರೈವರಣ್ಣ ಕನ್ನಡಕ ಏರಿಸಿ ಓದಿದ. ಹೆಸರು, ವಯಸ್ಸು, ಫೋನು ಎಲ್ಲ ಸರಿಯಾಗಿತ್ತು. ‘ಈಗ ವಾಸವಿರುವ ವಿಳಾಸ’ ಎಂಬಲ್ಲಿ ಅವಳು ದುಂಡಗೆ ಬರೆದಿದ್ದಳು: ಮನೆ ನಂಬರು ೭೦೪, ಏಳನೇ ಮಹಡಿ.

ಅವನು ನಗಲಿಲ್ಲ. ಚೀಲದಿಂದ ಇನ್ನೊಂದು ಖಾಲಿ ಫಾರ್ಮು ತೆಗೆದು ಮುಂದಿಟ್ಟ.

ಅವಳು ಬರೆದದ್ದನ್ನು ನೋಡಿಕೊಂಡು ನಾಲಿಗೆ ಕಚ್ಚಿದಳು. “ಅಯ್ಯೋ, ನನ್ನ ಬುದ್ಧಿಗಿಷ್ಟು! ನಾನು ತಪ್ಪು ಬರೀತೀನಿ ಅಂತ ಮೊದಲೇ ಗೊತ್ತಿತ್ತಾ ನಿಮಗೆ?”

“ವಕೀಲರ ಗುಮಾಸ್ತನೇ ಎರಡು ಕೊಟ್ಟು ಕಳಿಸಿದ,” ಎಂದ ಡ್ರೈವರಣ್ಣ. “ಮೊದಲನೇದರಲ್ಲಿ ನಾವು ನಲವತ್ತೊಂದು ಜನಾನೂ ಹೀಗೇ ಬರೆದಿದ್ವು.”