ಹಿಡ್ಕೋ, ಬಿಡಬೇಡ

“ಒತ್ತು,” ಎಂದ ಗಂಡ, ಕಾರಿನ ಹಿಂಬದಿಯಿಂದ.

ಸ್ಟೀರಿಂಗ್ ಹಿಂದೆ ಕೂತಿದ್ದ ಅವಳು ಬ್ರೇಕ್ ಪೆಡಲನ್ನು ಕೊನೆಯವರೆಗೂ ಒತ್ತಿದಳು.

“ಹಿಡ್ಕೋ. ನಾನು ಹೇಳೋವರೆಗೆ ಬಿಡಬೇಡ.”

ಬ್ರೇಕ್ ಆಯಿಲ್ ಬದಲಿಸುವ ಕೆಲಸ ಮೂರು ಚಕ್ರಗಳಲ್ಲಿ ಮುಗಿದಿತ್ತು. ನಾಲ್ಕನೆಯದರ ಹಿಂದಿನ ಪುಟ್ಟ ತಿರುಪನ್ನು ಅವನು ಅಂಗಳದಲ್ಲಿ ಮಗ್ಗುಲಾಗಿ ಮಲಗಿ ಸಡಿಲಿಸಿದ. ಹಳೆಯ ಬ್ರೇಕ್ ಆಯಿಲ್ ಕೊಳವೆಯಲ್ಲಿ ಇಳಿದು ಬಾಟಲಿ ಸೇರತೊಡಗಿತು, ಕುದಿಸಿ ಕುದಿಸಿ ಕಪ್ಪಾದ ಚಹಾದಂತೆ. ತಿರುಪು ಬಿಗಿಯುವ ಮೊದಲೇ ಕಾಲು ತೆಗೆದರೆ ಒಳಗೆ ಗಾಳಿ ಹೋಗುತ್ತದೆ, ಗಾಳಿ ಹೋದ ಬ್ರೇಕನ್ನು ನಂಬುವಂತಿಲ್ಲ ಎಂದು ಅವನು ಬೆಳಗಿನಿಂದ ಮೂರು ಸಲ ಹೇಳಿದ್ದ.

ಕಾರಿನ ಎದುರಿಗೆ, ಹೊಸ್ತಿಲ ಮೇಲೆ ಅತ್ತೆ ಬಟಾಣಿ ಸುಲಿಯುತ್ತಿದ್ದರು. “ಹಾಲು ಉಕ್ಕೋ ವಾಸನೆ ಬರ್ತಿದೆಯಲ್ಲೇ,” ಎಂದರು.

ಅವಳು ಥಟ್ಟನೆ ಅಡುಗೆಮನೆಯತ್ತ ಕತ್ತು ಹೊರಳಿಸಿದಳು. ಅಷ್ಟೇ. ಆ ಗಳಿಗೆಯಲ್ಲಿ ಕಾಲು ಕದಲಿತೋ ಇಲ್ಲವೋ, ಅವಳಿಗೇ ಗೊತ್ತಾಗಲಿಲ್ಲ. ಹಿಂದಿನಿಂದ ಗಂಡ “ಬಿಡು” ಎಂದ. ಬಿಟ್ಟಳು.

ಹೇಳಿಬಿಡಲೇ ಅಂದುಕೊಂಡಳು. ಅಷ್ಟರಲ್ಲಿ ಅವನು ಕೈ ಒರೆಸಿಕೊಂಡು ತಾನೇ ಕೂತು ಪೆಡಲು ಒತ್ತಿ ನೋಡಿದ. ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದ. ಕಲ್ಲಿನಷ್ಟು ಗಟ್ಟಿಯಾಗಿದೆ, ಗ್ಯಾರೇಜಿನವರೂ ಹೀಗೆ ಮಾಡಲ್ಲ ಎಂದು ಬೀಗಿದ. ಅವಳು ಬಾಯಿ ಮುಚ್ಚಿಕೊಂಡಳು.

ಐದನೆಯ ದಿನ ರಾತ್ರಿಪಾಳಿ ಮುಗಿಸಿ ಬಂದವನು, ಒಂದು ಗಂಟೆ ಮಲಗೆದ್ದು ಹೊರಡುತ್ತೇನೆ ಎಂದ. ಪಕ್ಕದ ಊರಿನಿಂದ ಚಿಕ್ಕಮ್ಮನನ್ನು ಕರೆತರಬೇಕಿತ್ತು. ತಂಗಿ ಬಾಗಿಲಲ್ಲೇ ಕಾಯ್ತಿರ್ತಾಳೆ, ಬಂದಮೇಲೆ ಮಲಗಿದರಾಯಿತು ಎಂದು ಅತ್ತೆ ಅವಸರ ಮಾಡಿದರು. ಹೊರಟ. ಊರಾಚೆಯ ಇಳಿಜಾರಿನ ಕೊನೆಗೆ ನಿಂತಿದ್ದ ಲಾರಿಗೆ ಕಾರು ನೇರವಾಗಿ ಡಿಕ್ಕಿ ಹೊಡೆಯಿತು. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೇ ಇಲ್ಲ ಎಂದು ನೋಡಿದವರು ಹೇಳಿದರು.

ಆ ಮಾತು ಕೇಳಿದ ಕ್ಷಣ ಅವಳು ತನ್ನ ಬಲಗಾಲನ್ನೇ ನೋಡಿದಳು.

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗದರಲಿಲ್ಲ. ತಲೆ ಸವರಿದರು.

“ನೀನು ಕಾಲು ತೆಗೆದದ್ದನ್ನ ನಾನು ನೋಡ್ದೆ. ಯಾರ ಹತ್ರಾನೂ ಹೇಳಲ್ಲ, ಬಿಡು.”

ಅವಳು ಅತ್ತೆಯ ಪಾದ ಹಿಡಿದು ಅತ್ತಳು. ಆಗ ಅವಳಿಗೆ ಇಪ್ಪತ್ತಾರು.

ಅತ್ತೆ ಮಾತಿಗೆ ತಪ್ಪಲಿಲ್ಲ. ಹನ್ನೊಂದು ವರ್ಷ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದಳು, ಸಂಬಳವನ್ನು ಅತ್ತೆಯ ಕೈಗೇ ಕೊಟ್ಟಳು. ಎರಡು ಹೊತ್ತು ಬೇಯಿಸಿದಳು. ಅತ್ತೆಯ ಮಂಡಿ ಹಿಡಿದುಕೊಂಡಾಗ ಎಣ್ಣೆ ಹಚ್ಚಿ ತಿಕ್ಕಿದಳು. ತವರಿನಿಂದ ಅಮ್ಮ ಬಂದು, ಇನ್ನೂ ವಯಸ್ಸಿದೆ, ಬಾರೇ ಎಂದು ಗೋಗರೆದಾಗ ಒಲ್ಲೆ ಎಂದಳು. ಔಷಧಿ ಅಂಗಡಿಯ ಸಾಧು ಮನುಷ್ಯನೊಬ್ಬ ಮದುವೆಯಾಗುತ್ತೀಯಾ ಎಂದು ಎರಡು ಸಲ ಕೇಳಿದ. ಎರಡನೆಯ ಸಲ ಮನಸ್ಸು ಹೂಂ ಎಂದಿತ್ತು. ಮನೆಗೆ ಬಂದು ಅತ್ತೆಯ ಮುಖ ನೋಡಿದಳು. ಮರುದಿನದಿಂದ ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಳು. ಇಂಥ ಸೊಸೆ ಎಲ್ಲಿ ಸಿಕ್ಕಾಳು ಎಂದು ನೆರೆಯವರು ಹೊಗಳಿದರೆ, ಸೊಸೆ ಅಲ್ಲ, ಮಗಳು ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಭಾನುವಾರ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಮುದುಕ ತನ್ನ ಕಾರಿನ ಬ್ರೇಕ್ ಬಿಚ್ಚಿ ಕೂತಿದ್ದ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಹೆಂಡತಿ ಮನೆಯಲ್ಲಿಲ್ಲ, ಐದು ನಿಮಿಷ ಪೆಡಲು ಒತ್ತಿಕೊಡ್ತೀಯೇನಮ್ಮ ಎಂದು ಕರೆದ.

ಅವಳು ಗೇಟು ಹಿಡಿದು ನಿಂತಲ್ಲೇ ಅತ್ತುಬಿಟ್ಟಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು.

ಫಿಟ್ಟರ್ ಸಮಾಧಾನ ಮಾಡಲು ಹೋಗಲಿಲ್ಲ. ಅವಳನ್ನು ಸೀಟಿನಲ್ಲಿ ಕೂರಿಸಿದ. ಒತ್ತು ಎಂದ, ಹಿಂದೆ ಹೋಗಿ ತಿರುಪು ಸಡಿಲಿಸಿದ, ಬಿಗಿಯುವ ಮೊದಲೇ ಕಾಲು ತೆಗೆ ಎಂದ. ಹೀಗೆ ಐದಾರು ಸಲ. ಆಮೇಲೆ ತಿರುಪು ಬಿಗಿದು ಬಂದು, ಈಗ ಒತ್ತಿ ನೋಡು ಎಂದ. ಅವಳ ಕಾಲು ಕೆಸರಿಗಿಟ್ಟ ಹಾಗೆ ಕೆಳಗಿಳಿಯಿತು.

“ನಿನ್ನ ಯಜಮಾನರು ಪರೀಕ್ಷೆ ಮಾಡಿದಾಗ ಹೀಗಿತ್ತಾ?”

“ಇಲ್ಲ. ಕಲ್ಲಿನ ಹಾಗಿದೆ ಅಂದ್ರು.”

“ಹಂಗಾದ್ರೆ ಗಾಳಿ ಹೋಗಿರ್ಲಿಲ್ಲಮ್ಮ. ನಾಲ್ಕು ದಿನ ಗಟ್ಟಿಯಾಗಿದ್ದು ಐದನೇ ದಿನ ಕೈಕೊಡೋ ಗಾಳಿ ಯಾವುದೂ ಇಲ್ಲ. ನಿನ್ನ ಕಾಲು ಏನೂ ಮಾಡಿಲ್ಲ.”

ಅವಳು ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಕಾಲು ಇಳಿದಷ್ಟೂ ಎದೆ ಹಗುರಾಗುತ್ತಿತ್ತು. ಮೊದಲು ನೆನಪಾದದ್ದು ಅತ್ತೆ. ಹೆತ್ತ ಮಗನನ್ನು ಕೊಂದವಳ ಕೈತುತ್ತು ಉಣ್ಣುತ್ತಿದ್ದೇನೆ ಎಂದುಕೊಂಡೇ ಆ ಜೀವ ಇಷ್ಟು ವರ್ಷ ದಿನ ದೂಡಿದೆ. ಇನ್ನು ಅವರೂ ನೆಮ್ಮದಿಯಾಗಿ ಉಣ್ಣಲಿ. ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಓಡಿದಳು.

ಅತ್ತೆ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದರು. ಅವಳು ನೆಲದ ಮೇಲೆ ಕೂತು, ಏದುಸಿರು ಬಿಡುತ್ತ, ಫಿಟ್ಟರ್ ತೋರಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನಡುವೆ ನಕ್ಕಳು, ನಡುವೆ ಅತ್ತಳು.

ಅತ್ತೆ ಕೈಯಲ್ಲಿದ್ದ ರವಿಕೆಯ ಮಡಿಕೆಯನ್ನು ಸರಿ ಮಾಡಿದರು.

“ಗೊತ್ತು,” ಎಂದರು. “ಅಪಘಾತ ಆದಮೇಲೆ ಕಾರು ಪರೀಕ್ಷೆ ಮಾಡಿದವರ ಕಾಗದ ಅದೇ ತಿಂಗಳು ಬಂದಿತ್ತು. ಬ್ರೇಕು ಸರಿಯಾಗೇ ಇತ್ತಂತೆ. ಅವನು ಒತ್ತೇ ಇಲ್ಲ, ನಿದ್ದೆ ಹತ್ತಿತ್ತು.”

“ಮತ್ತೆ ನೀವು ನೋಡಿದ್ದು, ಅತ್ತೆ? ನನ್ನ ಕಾಲು?”

“ಹೊಸ್ತಿಲ ಮೇಲೆ ಕೂತವಳಿಗೆ ಕಾರೊಳಗಿನ ಕಾಲು ಎಲ್ಲಿ ಕಾಣತ್ತೆ? ನಿನ್ನ ಮುಖ ಕಾಣ್ತಿತ್ತು.” ಅವರು ಮಡಿಸಿದ ಬಟ್ಟೆಯನ್ನು ಎತ್ತಿಡಲು ಅವಳತ್ತ ಚಾಚಿದರು. “ಅವತ್ತೇ ಹೇಳಿದ್ದಿದ್ರೆ ನೀನು ಇಲ್ಲಿ ಇರ್ತಿದ್ಯಾ?”